ಬುಕ್ ಪೋಸ್ಟ್ ನಿಲ್ಲಿಸಿದ್ದು ಯಾರು? ಅಂಚೆ ಸುಧಾರಣೆಯ ಜಗಳ ಮತ್ತು ಹೊಣೆಯ ಪ್ರಶ್ನೆ

2024ರ ಡಿಸೆಂಬರ್ ಮೂರನೇ ವಾರ, ಪುಸ್ತಕದ ಕಟ್ಟು ಹಿಡಿದು ಅಂಚೆ ಕಚೇರಿಗೆ ಹೋದ ಪ್ರಕಾಶಕರಿಗೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಗಿದೆ ಎಂಬ ಸುದ್ದಿ ಕೌಂಟರಿನಲ್ಲೇ ಸಿಕ್ಕಿತು. ಕಂಪ್ಯೂಟರಿನಲ್ಲಿ ಆ ಆಯ್ಕೆಯೇ ಕಾಣುತ್ತಿರಲಿಲ್ಲ. ಅಲ್ಲಿಯವರೆಗೆ 5 ಕೆ.ಜಿ. ಪುಸ್ತಕವನ್ನು 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಕಳಿಸಬಹುದಿತ್ತು. ಕನ್ನಡದಲ್ಲಿ ಒಂದು ಪುಸ್ತಕದ ಸಾವಿರ ಪ್ರತಿ ಅಚ್ಚು ಹಾಕಿಸಿ, ಒಂದೊಂದೇ ಪ್ರತಿಯನ್ನು ಓದುಗರಿಗೆ ಕಳಿಸುತ್ತ ಬದುಕುವ ಪ್ರಕಾಶಕರಿಗೆ ಇದು ದೊಡ್ಡ ಪೆಟ್ಟು. ನೂರೈವತ್ತು ರೂಪಾಯಿಯ ಕವನ ಸಂಕಲನಕ್ಕೆ ಕೊರಿಯರ್ ಖರ್ಚೇ ಅರ್ಧದಷ್ಟು ಬಂದರೆ ಯಾರು ಕೊಳ್ಳುತ್ತಾರೆ?

ನಾನು ಬೆಳೆದ ಮನೆಗೆ ಅರ್ಧ ಗ್ರಂಥಾಲಯ ಬಂದಿದ್ದು ಬುಕ್ ಪೋಸ್ಟಿನಲ್ಲಿ. ಅದಕ್ಕೇ ಈ ಸುದ್ದಿ ಓದಿದ ದಿನ ನನಗೆ ಬೆಲೆಗಿಂತ ಹೆಚ್ಚಾಗಿ ಕಾಡಿದ್ದು ಇದನ್ನು ನಿಲ್ಲಿಸಿದ್ದು ಯಾರು ಎಂಬ ಪ್ರಶ್ನೆ. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಗೊತ್ತಿರಲಿಲ್ಲ. ಸಂಸತ್ತಿನಲ್ಲಿ ಅದಕ್ಕಾಗಿ ಯಾವ ಮತವೂ ನಡೆದಿರಲಿಲ್ಲ. ಅಂಚೆ ಸುಧಾರಣೆಯ ಬಗ್ಗೆ ಪಕ್ಷಗಳ ನಡುವೆ, ಸರ್ಕಾರ ಮತ್ತು ನೌಕರ ಸಂಘಗಳ ನಡುವೆ ನಡೆಯುತ್ತಿರುವ ಜಗಳ ಅರ್ಥವಾಗಬೇಕಾದರೆ ಈ ಪ್ರಶ್ನೆಯಿಂದಲೇ ಹೊರಡುವುದು ಒಳ್ಳೆಯದು.

ದರ ನಿಗದಿ ಮಾಡುವ ಕೈ ಬದಲಾಯಿತು

ಬ್ರಿಟಿಷರು 1898ರಲ್ಲಿ ಮಾಡಿದ ಭಾರತೀಯ ಅಂಚೆ ಕಚೇರಿ ಕಾಯ್ದೆ 2024ರ ಜೂನ್‌ವರೆಗೂ ಜಾರಿಯಲ್ಲಿತ್ತು. ಅದರ ಕೊನೆಗೆ ಒಂದು ಅನುಸೂಚಿ ಇತ್ತು. ಕಾಗದ, ಪೋಸ್ಟ್ ಕಾರ್ಡ್, ಪುಸ್ತಕದ ಕಟ್ಟು, ನೋಂದಾಯಿತ ಪತ್ರಿಕೆ, ಪಾರ್ಸೆಲ್ ಇವುಗಳ ದರದ ಮೇಲ್ಮಿತಿ ಅಲ್ಲಿತ್ತು. ಸರ್ಕಾರ ಅದಕ್ಕಿಂತ ಕಡಿಮೆ ತೆಗೆದುಕೊಳ್ಳಬಹುದಿತ್ತು, ಹೆಚ್ಚು ತೆಗೆದುಕೊಳ್ಳಬೇಕಾದರೆ ಅನುಸೂಚಿಯನ್ನೇ ತಿದ್ದಬೇಕು, ತಿದ್ದಲು ಸಂಸತ್ತಿಗೆ ಬರಬೇಕು. ಹಾಗಾಗಿಯೇ ಪೋಸ್ಟ್ ಕಾರ್ಡಿನ ಬೆಲೆ ಏರಿಕೆ ಬಜೆಟ್ ದಿನದ ಸುದ್ದಿಯಾಗುತ್ತಿತ್ತು. ಹಣಕಾಸು ಮಂತ್ರಿಗಳು ಸದನದಲ್ಲಿ ನಿಂತು ಹೇಳಬೇಕಿತ್ತು, ವಿರೋಧ ಪಕ್ಷದವರು ಎದ್ದು ಕೂಗಬಹುದಿತ್ತು. ರಿಜಿಸ್ಟ್ರಿ ಶುಲ್ಕದಂಥವು ಆಗಲೂ ನಿಯಮಗಳ ಮೂಲಕವೇ ನಿಗದಿಯಾಗುತ್ತಿದ್ದವು, ನಿಜ. ಆದರೆ ಬಡವರ ಕಾಗದದ ಬೆಲೆಗೆ ಸಂಸತ್ತಿನ ಕಾವಲಿತ್ತು.

2023ರ ಅಂಚೆ ಕಚೇರಿ ಕಾಯ್ದೆ ಆ ಅನುಸೂಚಿಯನ್ನು ಕೈಬಿಟ್ಟಿತು. ಅಂಚೆ ಕಚೇರಿ ಯಾವ ಯಾವ ಸೇವೆ ಕೊಡಬೇಕು ಎಂಬುದನ್ನು ಕೇಂದ್ರ ಸರ್ಕಾರ ನಿಯಮ ಮಾಡಿ ಹೇಳುತ್ತದೆ. ಆ ಸೇವೆಗೆ ಎಷ್ಟು ಹಣ ಎಂಬುದನ್ನು ಅಂಚೆ ಇಲಾಖೆಯ ಮಹಾನಿರ್ದೇಶಕರು ವಿನಿಯಮ (ರೆಗ್ಯುಲೇಷನ್) ಮಾಡಿ ಹೇಳುತ್ತಾರೆ. ಹೊಸ ನಿಯಮಾವಳಿ ಜಾರಿಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಬುಕ್ ಪೋಸ್ಟ್ ಮಾಯವಾಗಿದ್ದೂ ಅದೇ ತಿಂಗಳು.

ಸರ್ಕಾರದ ವಾದವನ್ನು ಪೂರ್ತಿ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. 125 ವರ್ಷ ಹಳೆಯ ಕಾಯ್ದೆ ಬರೀ ಕಾಗದದ ಸುತ್ತ ಹೆಣೆದದ್ದು. ಈಗ ಜನ ಅಂಚೆ ಕಚೇರಿಗೆ ಹೋಗುವುದು ಉಳಿತಾಯ ಖಾತೆಗೆ, ಆಧಾರ್ ತಿದ್ದುಪಡಿಗೆ, ಪಾಸ್‌ಪೋರ್ಟಿಗೆ, ಪಾರ್ಸೆಲಿಗೆ. ಕೊರಿಯರ್ ಕಂಪನಿ ಬೆಳಿಗ್ಗೆ ದರ ಬದಲಿಸುತ್ತದೆ, ಅಂಚೆ ಮಾತ್ರ ಮುಂದಿನ ಬಜೆಟ್‌ವರೆಗೆ ಕಾಯಬೇಕೇ? ಹೀಗೆ ಕೇಳುವುದು ನ್ಯಾಯವೇ. ನನ್ನ ತಕರಾರು ಇರುವುದು ಬೇರೆ ಕಡೆ. ಪಾರ್ಸೆಲಿನ ದರ ಬೇಗ ಬದಲಿಸುವ ಅಧಿಕಾರ ಬೇಕು ಎಂದು ಹೇಳಿ, ಪುಸ್ತಕಕ್ಕೂ ಪೋಸ್ಟ್ ಕಾರ್ಡಿಗೂ ಇದ್ದ ಕಾವಲನ್ನು ಜೊತೆಯಲ್ಲೇ ತೆಗೆಯಲಾಯಿತು. ಹಳ್ಳಿಗೂ ಪಟ್ಟಣಕ್ಕೂ ಒಂದೇ ದರದಲ್ಲಿ, ಕೈಗೆಟಕುವ ಬೆಲೆಗೆ ಇಷ್ಟು ಸೇವೆಯನ್ನಾದರೂ ಕೊಟ್ಟೇ ಕೊಡುತ್ತೇವೆ ಎಂಬ ವಾಗ್ದಾನ ಹೊಸ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಬುಕ್ ಪೋಸ್ಟಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಓದುಗರು, ಪ್ರಕಾಶಕರು ಗದ್ದಲ ಎಬ್ಬಿಸಿದರು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಎಂಬ ಹೊಸ ಸೇವೆ ಬಂತು. 300 ಗ್ರಾಂಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ಮೇಲೆ ತೆರಿಗೆ. ಹಳೆಯ ದರಕ್ಕಿಂತ ತುಸು ಹೆಚ್ಚಾದರೂ ಬದುಕಬಹುದಾದ ದರ. ನಿಲ್ಲಿಸಿದಾಗಲೂ ಸಂಸತ್ತು ನಿರ್ಧರಿಸಿರಲಿಲ್ಲ, ಕೊಟ್ಟಾಗಲೂ ಇಲ್ಲ. ನಾಳೆ ಈ ಸೇವೆಯನ್ನೂ ಹಿಂತೆಗೆದುಕೊಂಡರೆ ಆಗಲೂ ನಮಗೆ ಮೊದಲು ತಿಳಿಯುವುದು ಕೌಂಟರಿನಲ್ಲೇ.

ನಷ್ಟ ಎಂದರೆ ಯಾರ ನಷ್ಟ?

ಅಂಚೆ ಇಲಾಖೆ ಆದಾಯಕ್ಕಿಂತ ವರ್ಷಕ್ಕೆ ಸಾವಿರಾರು ಕೋಟಿ ಹೆಚ್ಚು ಖರ್ಚು ಮಾಡುತ್ತದೆ. ಖರ್ಚಿನ ಬಹುಪಾಲು ಸಂಬಳ ಮತ್ತು ಪಿಂಚಣಿ. ಈ ಅಂತರವನ್ನು ಕೇಂದ್ರ ಬಜೆಟ್ ತುಂಬುತ್ತದೆ. ಒಂದು ಪಕ್ಷ ಇದನ್ನು ‘ಅದಕ್ಷತೆ’ ಎನ್ನುತ್ತದೆ, ಇನ್ನೊಂದು ‘ಸರ್ಕಾರದ ನಿರ್ಲಕ್ಷ್ಯ’ ಎನ್ನುತ್ತದೆ. ಅಧಿಕಾರ ಬದಲಾದಾಗ ಮಾತುಗಳೂ ಅದಲುಬದಲಾಗುತ್ತವೆ.

ಆದರೆ ಈ ನಷ್ಟದ ದೊಡ್ಡ ಪಾಲು ಆಕಸ್ಮಿಕವಾಗಿ ಬಂದದ್ದಲ್ಲ. ದೇಶದಲ್ಲಿ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಇಲಾಖೆಯ ರಾಜ್ಯ ವಿಭಾಗವಾದ ಕರ್ನಾಟಕ ವೃತ್ತದಲ್ಲೇ ಒಂಬತ್ತು ಸಾವಿರಕ್ಕೂ ಹೆಚ್ಚು. ಹಳ್ಳಿಯಲ್ಲಿ ಹೊಸ ಶಾಖಾ ಅಂಚೆ ಕಚೇರಿ ತೆರೆಯಲು ಇಲಾಖೆ ಇಟ್ಟುಕೊಂಡಿರುವ ಮಾನದಂಡ ಹೀಗಿದೆ: ಸಾಧಾರಣ ಪ್ರದೇಶದಲ್ಲಿ ಆ ಕಚೇರಿಯ ಖರ್ಚಿನ ಮೂರನೇ ಒಂದು ಭಾಗದಷ್ಟು ಆದಾಯ ಬಂದರೆ ಸಾಕು. ಗುಡ್ಡಗಾಡು, ಬುಡಕಟ್ಟು, ದುರ್ಗಮ ಪ್ರದೇಶವಾದರೆ ನೂರಕ್ಕೆ 15 ಭಾಗ ಬಂದರೂ ಸಾಕು. ಉಳಿದದ್ದನ್ನು ಸರ್ಕಾರ ಭರಿಸುತ್ತದೆ ಎಂದು ತಿಳಿದೇ, ಒಪ್ಪಿಯೇ ಆ ಕಚೇರಿ ತೆರೆಯಲಾಗಿದೆ. ಪಶ್ಚಿಮ ಘಟ್ಟದ ಒಳಗಿನ ಒಂದು ಊರಿಗೆ ರಸ್ತೆ ಹಾಕಿದಾಗ ಆ ರಸ್ತೆ ವರ್ಷಕ್ಕೆ ಎಷ್ಟು ಲಾಭ ತಂದಿತು ಎಂದು ಯಾರೂ ಕೇಳುವುದಿಲ್ಲ. ಅಂಚೆ ಕಚೇರಿಯನ್ನು ಮಾತ್ರ ಕೇಳುತ್ತೇವೆ.

ಪೋಸ್ಟ್ ಕಾರ್ಡಿನದೂ ಇದೇ ಲೆಕ್ಕ. ಬೆಲೆ 50 ಪೈಸೆ. ಒಂದು ಕಾರ್ಡನ್ನು ಮುಟ್ಟಿಸಲು ಏಳು ರೂಪಾಯಿಗೂ ಹೆಚ್ಚು ತಗಲುತ್ತದೆ ಎಂದು ಇಲಾಖೆಯ ವಾರ್ಷಿಕ ವರದಿಯೇ ಒಂದು ದಶಕದ ಹಿಂದೆ ಹೇಳಿತ್ತು. ಬೆಲೆ ಏರಿಸದೆ ಇಟ್ಟದ್ದು ಎಲ್ಲ ಪಕ್ಷಗಳ ಸರ್ಕಾರಗಳೂ ಬೇಕೆಂದೇ ಮಾಡಿದ ಆಯ್ಕೆ. ಹಾಗಿರುವಾಗ ಅದೇ ವ್ಯತ್ಯಾಸವನ್ನು ಅಂಚೆಯವರ ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಇನ್ನೊಂದು ಕಡೆ, ಇಲಾಖೆಯ ಆದಾಯದ ದೊಡ್ಡ ಮೂಲ ಕಾಗದವಲ್ಲ, ಉಳಿತಾಯ ಖಾತೆಗಳು. ಆರ್.ಡಿ., ಸುಕನ್ಯಾ ಸಮೃದ್ಧಿ ಮೊದಲಾದ ಯೋಜನೆಗಳ ಹಣ ಹೋಗುವುದು ಸರ್ಕಾರದ ಖಜಾನೆಗೆ. ಆ ಖಾತೆಗಳನ್ನು ನೋಡಿಕೊಳ್ಳುವುದಕ್ಕೆ ಹಣಕಾಸು ಸಚಿವಾಲಯ ಅಂಚೆ ಇಲಾಖೆಗೆ ಇಂತಿಷ್ಟು ಎಂದು ಕೂಲಿ ಕೊಡುತ್ತದೆ. ಆ ಕೂಲಿ ಎಷ್ಟು ಎಂದು ಸರ್ಕಾರದ ಒಂದು ಕೈ ತೀರ್ಮಾನಿಸಿದರೆ, ಇನ್ನೊಂದು ಕೈಯ ‘ನಷ್ಟ’ ತಾನಾಗಿ ಹೆಚ್ಚು ಕಡಿಮೆಯಾಗುತ್ತದೆ.

ಶಾಸನವೇ ನಷ್ಟ ಸೃಷ್ಟಿಸುವುದಕ್ಕೆ ಅಮೆರಿಕದ ಉದಾಹರಣೆ ಎಲ್ಲರಿಗೂ ಪಾಠವಾಗಬೇಕು. ಅಲ್ಲಿ 2006ರಲ್ಲಿ ಎರಡೂ ಪಕ್ಷಗಳು ಸೇರಿ ಒಂದು ಕಾನೂನು ಮಾಡಿದವು. ಮುಂದೆ ನಿವೃತ್ತರಾಗುವ ಅಂಚೆ ನೌಕರರ ಆರೋಗ್ಯ ವೆಚ್ಚಕ್ಕೆ ಈಗಲೇ ವರ್ಷಕ್ಕೆ ಸುಮಾರು 5.5 ಬಿಲಿಯನ್ ಡಾಲರ್ ಎತ್ತಿಡಬೇಕು ಎಂದು ಅದು ಹೇಳಿತು. ಎರಡು ವರ್ಷದಲ್ಲಿ ಆರ್ಥಿಕ ಕುಸಿತ ಬಂತು, ಕಾಗದಗಳೂ ಕಡಿಮೆಯಾದವು. ಅಂಚೆ ಸಂಸ್ಥೆಗೆ 2012ರಿಂದ ಆ ಕಂತು ಕಟ್ಟಲಾಗಲಿಲ್ಲ. ವರ್ಷಗಟ್ಟಲೆ ‘ಅಂಚೆ ದಿವಾಳಿಯಾಗಿದೆ’ ಎಂಬ ಕೂಗು ಎದ್ದಿತು, ಶನಿವಾರದ ಬಟವಾಡೆ ನಿಲ್ಲಿಸುವ ಮಾತು ಬಂತು. ಕೊನೆಗೆ 2022ರಲ್ಲಿ ಅದೇ ಸಂಸತ್ತು ಆ ಷರತ್ತನ್ನು ರದ್ದು ಮಾಡಿ ಬಾಕಿಯನ್ನೂ ಮನ್ನಾ ಮಾಡಿತು. ಕಾಗದಗಳು ಕಡಿಮೆಯಾದ ಕಷ್ಟ ಅಲ್ಲಿ ಈಗಲೂ ಇದೆ. ಆದರೆ ಆ ವರ್ಷಗಳ ನಷ್ಟದ ದೊಡ್ಡ ಭಾಗ ಹುಟ್ಟಿದ್ದು ಶಾಸಕರ ಲೇಖನಿಯಿಂದ, ಬೈಗುಳ ತಿಂದದ್ದು ಅಂಚೆಯವರು.

ಪಕ್ಷ ಬದಲಿಸಿದ ವಾದಗಳು

ಹಳೆಯ ಕಾಯ್ದೆಯ ಪ್ರಕಾರ ಕಾಗದ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಇತ್ತು. ಕೊರಿಯರ್‌ನವರು ‘ಇದು ಕಾಗದ ಅಲ್ಲ, ದಾಖಲೆ’ ಎಂದು ಹೇಳಿಕೊಂಡು ದಶಕಗಳ ಕಾಲ ವ್ಯಾಪಾರ ನಡೆಸಿದರು. 2006ರಲ್ಲಿ ಯುಪಿಎ ಸರ್ಕಾರ 300 ಗ್ರಾಂವರೆಗಿನ ಕಾಗದ ಅಂಚೆಗೇ ಮೀಸಲು ಎಂಬ ಕರಡು ತಂದಾಗ ದೊಡ್ಡ ವಿರೋಧ ಬಂದು ಅದು ಬಿದ್ದುಹೋಯಿತು. 2023ರ ಕಾಯ್ದೆ ಅಂಚೆ ಚೀಟಿ ಹೊರಡಿಸುವ ಹಕ್ಕನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಏಕಸ್ವಾಮ್ಯ ಬಿಟ್ಟುಕೊಟ್ಟಿತು. ವಾಸ್ತವದಲ್ಲಿ ಅದು ಎಂದೋ ಹೋಗಿತ್ತು.

ನಿಜವಾದ ಜಟಾಪಟಿ ನಡೆದದ್ದು ಕಾಗದ ಒಡೆದು ನೋಡುವ ಅಧಿಕಾರದ ಬಗ್ಗೆ. 1898ರ ಕಾಯ್ದೆಯ 26ನೇ ಸೆಕ್ಷನ್ ಸಾರ್ವಜನಿಕ ತುರ್ತು ಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ ಅಥವಾ ಶಾಂತಿಯ ಹೆಸರಿನಲ್ಲಿ ಅಂಚೆಯನ್ನು ತಡೆಯಲು ಸರ್ಕಾರಕ್ಕೆ ಅವಕಾಶ ಕೊಟ್ಟಿತ್ತು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಈ ಅಧಿಕಾರವನ್ನು ಇನ್ನಷ್ಟು ವಿಸ್ತರಿಸುವ ತಿದ್ದುಪಡಿ ತಂದಿತು. ಎರಡೂ ಸದನಗಳು ಒಪ್ಪಿದವು. ಪತ್ರಿಕೆಗಳೂ ವಿರೋಧ ಪಕ್ಷಗಳೂ ಕಿಡಿಕಾರಿದವು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲೂ ಇಲ್ಲ, ಹಿಂತಿರುಗಿಸಲೂ ಇಲ್ಲ, ಸುಮ್ಮನೆ ಇಟ್ಟುಕೊಂಡರು. ‘ಪಾಕೆಟ್ ವೀಟೊ’ ಎಂಬ ಮಾತಿಗೆ ನಮ್ಮ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಇದೇ. ಮುಂದೆ ಆರ್. ವೆಂಕಟರಾಮನ್ ಅದನ್ನು ಮರುಪರಿಶೀಲನೆಗೆ ಕಳಿಸಿದರು, ಹೊಸ ಸರ್ಕಾರ ಕೈಬಿಟ್ಟಿತು.

2023ರಲ್ಲಿ ಜಾಗ ಅದಲುಬದಲಾಗಿತ್ತು. ಬಿಜೆಪಿ ಸರ್ಕಾರ ತಂದ ಕಾಯ್ದೆಯ 9ನೇ ಸೆಕ್ಷನ್ ದೇಶದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ತುರ್ತು, ಸಾರ್ವಜನಿಕ ಸುರಕ್ಷತೆ, ಯಾವುದೇ ಕಾನೂನಿನ ಉಲ್ಲಂಘನೆ ಎಂಬ ಕಾರಣಗಳಿಗೆ ಅಂಚೆಯನ್ನು ತಡೆದು ತೆರೆಯಬಹುದು ಎನ್ನುತ್ತದೆ. ‘ತುರ್ತು’ ಎಂದರೇನು ಎಂಬ ವಿವರಣೆ ಅದರಲ್ಲಿಲ್ಲ. ಈ ಸಲ ಖಾಸಗಿತನದ ಪರ ಗಟ್ಟಿಯಾಗಿ ಮಾತಾಡಿದ್ದು ಕಾಂಗ್ರೆಸ್. ಅವರ ಕಾಳಜಿ ಸರಿಯಾದದ್ದೇ. 1996ರಲ್ಲಿ ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧಿಕಾರದ ಜೊತೆ ಪರಿಶೀಲನಾ ಸಮಿತಿಯಂಥ ಕಾವಲೂ ಬೇಕು ಎಂದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಾಯಿತು. ಇಷ್ಟಾದ ಮೇಲೂ ಆ ಕಾವಲನ್ನು ಕಾಯ್ದೆಯೊಳಗೇ ಬರೆಯದೆ ಸರ್ಕಾರ ಮಾಡುವ ನಿಯಮಗಳಿಗೆ ಬಿಟ್ಟಿದ್ದನ್ನು ಸಮರ್ಥಿಸುವುದು ಕಷ್ಟ.

ಅಂಚೆಗೂ ಗೂಢಚಾರಿಕೆಗೂ ಇರುವ ನಂಟು ನಮ್ಮ ನೆಲದಲ್ಲೂ ಹಳೆಯದು. ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿದ ಮೈಸೂರು ಅಂಚೆ ಕಾಗದವನ್ನೂ ಹೊರುತ್ತಿತ್ತು, ಊರೂರಿನ ಒಳಸುದ್ದಿಯನ್ನೂ ಅರಸರಿಗೆ ಮುಟ್ಟಿಸುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು.

ಹೊಸ ಅಂಚೆ ಮಸೂದೆ ಲೋಕಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರವಾದದ್ದು 2023ರ ಡಿಸೆಂಬರ್ 18ರಂದು. ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಚರ್ಚೆ ಬೇಕೆಂದು ಪಟ್ಟು ಹಿಡಿದಿದ್ದ 78 ಸಂಸದರು ಎರಡೂ ಸದನಗಳಿಂದ ಅಮಾನತಾದದ್ದೂ ಅದೇ ದಿನ. 125 ವರ್ಷದ ಕಾಯ್ದೆಯ ಜಾಗಕ್ಕೆ ಬರುವ ಕಾನೂನಿಗೆ ಸಿಗಬೇಕಾಗಿದ್ದ ಚರ್ಚೆ ಸಿಗಲಿಲ್ಲ.

ಕಾಗದ ಕಳೆದರೆ

ಹಳೆಯ ಕಾಯ್ದೆಯಲ್ಲೂ ಅಂಚೆ ಕಚೇರಿ ಕಳೆದ ಕಾಗದಕ್ಕೆ, ತಡವಾದ ಬಟವಾಡೆಗೆ ಸಾಮಾನ್ಯವಾಗಿ ಹೊಣೆಯಾಗುತ್ತಿರಲಿಲ್ಲ. ಹೊಸ ಕಾಯ್ದೆಯ 10ನೇ ಸೆಕ್ಷನ್ ಅದನ್ನೇ ಮುಂದುವರಿಸಿತು: ನಿಯಮದಲ್ಲಿ ಹೇಳಿದಷ್ಟು ಮಾತ್ರ ಹೊಣೆ. ನಿಯಮ ಮಾಡುವುದು ಕೇಂದ್ರ ಸರ್ಕಾರ. ಅಂಚೆ ನಡೆಸುವುದೂ ಕೇಂದ್ರ ಸರ್ಕಾರವೇ. ತನ್ನ ತಪ್ಪಿಗೆ ತಾನೆಷ್ಟು ದಂಡ ತೆರಬೇಕು ಎಂದು ತಾನೇ ಬರೆದುಕೊಂಡಂತಾಯಿತು. ರೈಲಿನಲ್ಲಿ ಕಳಿಸಿದ ಸರಕು ಕಳೆದರೆ ಹಾಗಿಲ್ಲ. ಅಲ್ಲಿ ಹೊಣೆಗಾರಿಕೆ ಕಾಯ್ದೆಯಲ್ಲೇ ಇದೆ, ದೂರು ಕೇಳಲು 1987ರ ಕಾನೂನಿನಡಿ ಪ್ರತ್ಯೇಕ ನ್ಯಾಯಮಂಡಳಿಯೂ ಇದೆ.

ಇನ್ನೊಂದು ಬದಲಾವಣೆ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಟಪಾಲು ಕದ್ದ ಅಥವಾ ನಾಶ ಮಾಡಿದ ಅಂಚೆ ನೌಕರರಿಗೆ ಹಳೆಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಶಿಕ್ಷೆಯಿತ್ತು. ಬೇರೆಯವರ ಕಾಗದ ಒಡೆಯುವುದೂ ಶಿಕ್ಷಾರ್ಹ ಅಪರಾಧವಾಗಿತ್ತು. ಹಲವು ಕಾಯ್ದೆಗಳ ಶಿಕ್ಷೆಗಳನ್ನು ಒಟ್ಟಿಗೆ ಸಡಿಲಿಸಲು 2023ರ ಆಗಸ್ಟಿನಲ್ಲಿ ಬಂದ ಜನ ವಿಶ್ವಾಸ್ ಕಾಯ್ದೆ ಅಂಚೆ ಕಾಯ್ದೆಯ ಎಲ್ಲ ಅಪರಾಧಗಳನ್ನೂ ತೆಗೆದುಹಾಕಿತು, ಡಿಸೆಂಬರ್‌ನ ಹೊಸ ಕಾಯ್ದೆ ಅವನ್ನು ಮತ್ತೆ ಸೇರಿಸಲಿಲ್ಲ. ಕಳ್ಳತನಕ್ಕೆ ಸಾಮಾನ್ಯ ದಂಡ ಸಂಹಿತೆ ಇದ್ದೇ ಇದೆ. ಆದರೆ ಅಧಿಕಾರವಿಲ್ಲದೆ ನಿಮ್ಮ ಕಾಗದ ಒಡೆದು ಓದಿದ ಅಂಚೆ ಅಧಿಕಾರಿಗೆ ಅಂಚೆ ಕಾಯ್ದೆಯಲ್ಲಿ ಈಗ ಶಿಕ್ಷೆಯಿಲ್ಲ. ಒಡೆಯುವ ಅಧಿಕಾರದ ಕಾರಣಗಳನ್ನು ಹಿಗ್ಗಿಸಿ, ತಪ್ಪಾಗಿ ಒಡೆದವರ ಶಿಕ್ಷೆಯನ್ನು ಅಳಿಸಿದ್ದು ಒಂದೇ ವರ್ಷದಲ್ಲಿ.

ಕೊನೆಗೆ ಸೈಕಲ್ ಮೇಲೆ ಬರುವವರು

ಹಳ್ಳಿಯ ಅಂಚೆಯಣ್ಣ ಬಹುಪಾಲು ಕಡೆ ಗ್ರಾಮೀಣ ಡಾಕ್ ಸೇವಕ. ಇಲಾಖೆಯ ಕೆಲಸ ಮಾಡುತ್ತಾರೆ, ಇಲಾಖೆಯ ಕಾಯಂ ನೌಕರರಲ್ಲ. ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಎಂದು ಕಾಗದದ ಮೇಲೆ ಇದೆ. ಸಂಬಳದ ಬದಲು ‘ಟಿಆರ್‌ಸಿಎ’ ಎಂಬ ಭತ್ಯೆ. ಬದುಕಿಗೆ ಬೇರೆ ಆದಾಯ ಇರಬೇಕು ಎಂಬುದು ನೇಮಕದ ಷರತ್ತು. ಇವರದು ಸರ್ಕಾರಿ ಹುದ್ದೆ ಎಂದೇ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತು. ಅದಾದ ಮೇಲೆ ಬಂದ ಸರ್ಕಾರಗಳೆಲ್ಲ ‘ಸರ್ಕಾರಿ ಹುದ್ದೆ ಹೌದು, ಕಾಯಂ ಸೇವೆ ಅಲ್ಲ’ ಎಂಬ ಗೆರೆಯ ಮೇಲೇ ನಿಂತಿವೆ. ಡಾಕ್ ಸೇವಕರ ಭತ್ಯೆ, ಸೌಲಭ್ಯಗಳನ್ನು ಪರಿಶೀಲಿಸಲು ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿ 2016ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು, ಜಾರಿಯಾಗಲಿಲ್ಲ. 2018ರ ಮೇ ತಿಂಗಳಲ್ಲಿ ಡಾಕ್ ಸೇವಕರು ದೇಶದಾದ್ಯಂತ ಮುಷ್ಕರ ಹೂಡಿ ಎರಡು ವಾರ ಬಾಗಿಲು ಹಾಕಿದರು. ಜೂನ್ 6ರಂದು ಕೇಂದ್ರ ಸಂಪುಟ ಹೊಸ ಭತ್ಯೆಗೆ ಒಪ್ಪಿತು: ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ಶಾಖಾ ಪೋಸ್ಟ್‌ಮಾಸ್ಟರಿಗೆ ತಿಂಗಳಿಗೆ 12,000 ರೂಪಾಯಿ, ಡಾಕ್ ಸೇವಕರಿಗೆ 10,000 ರೂಪಾಯಿ. ಪಿಂಚಣಿಯ ಬೇಡಿಕೆ ಹಾಗೇ ಉಳಿಯಿತು.

2025ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅಂಚೆಯನ್ನು ದೊಡ್ಡ ಸಾರ್ವಜನಿಕ ಸಾಗಣೆ ಸಂಸ್ಥೆಯನ್ನಾಗಿ ಮಾಡುತ್ತೇವೆ ಎಂದರು. 2.4 ಲಕ್ಷ ಡಾಕ್ ಸೇವಕರನ್ನು ಅದರ ಬಲವಾಗಿ ಎಣಿಸಿದರು. ಸುಧಾರಣೆಯ ಲೆಕ್ಕದಲ್ಲಿ ಇವರು ಬಲ, ಸಂಬಳದ ಲೆಕ್ಕದಲ್ಲಿ ಅರೆಕಾಲಿಕರು. ಕೌಂಟರಿನ ವ್ಯವಹಾರ, ಲೆಕ್ಕ ನಡೆಸುವ ಹೊಸ ತಂತ್ರಾಂಶ ಕೂಡ ಇವರ ಮೇಲೇ ಬಂದು ಕೂತಿದೆ. ಎಪಿಟಿ ಎಂಬ ಆ ವ್ಯವಸ್ಥೆಯನ್ನು ಮೊದಲು ಪರೀಕ್ಷಿಸಿದ್ದು ನಮ್ಮ ಕರ್ನಾಟಕ ವೃತ್ತದಲ್ಲಿ, 2025ರ ಮೇ-ಜೂನ್‌ನಲ್ಲಿ. ಆಗಸ್ಟ್ 4ರ ಹೊತ್ತಿಗೆ ಅದು ದೇಶದ ಎಲ್ಲ ಅಂಚೆ ಕಚೇರಿಗಳಿಗೆ ಹರಡಿತು. ತಂತ್ರಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದಾಗ ಯಾರು ಹೊಣೆ ಎಂಬುದು ಮೊದಲೇ ಬರೆದಿರಬೇಕು. ಬ್ರಿಟನ್ನಿನಲ್ಲಿ 1999ರಿಂದ ಹೊರೈಜನ್ ಎಂಬ ತಂತ್ರಾಂಶ ತೋರಿಸಿದ ಸುಳ್ಳು ಕೊರತೆಗಳನ್ನು ನಂಬಿ 900ಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರುಗಳಿಗೆ ಶಿಕ್ಷೆ ಕೊಡಿಸಲಾಯಿತು. ಆ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಲು 2024ರಲ್ಲಿ ಸಂಸತ್ತು ಕಾನೂನು ತರಬೇಕಾಯಿತು. ನಮ್ಮಲ್ಲಿ ಶಾಖಾ ಕಚೇರಿಯ ನಗದಿನಲ್ಲಿ ವ್ಯತ್ಯಾಸ ಕಂಡರೆ ಪೋಸ್ಟ್‌ಮಾಸ್ಟರನ್ನು ‘ಪುಟ್ ಆಫ್ ಡ್ಯೂಟಿ’ ಮೇಲೆ ಮನೆಗೆ ಕಳಿಸಿ ಆಮೇಲೆ ವಿಚಾರಣೆ ಮಾಡುವ ಪದ್ಧತಿಯಿದೆ. ಯಂತ್ರದ ತಪ್ಪೋ ಮನುಷ್ಯನ ತಪ್ಪೋ ಎಂದು ಹೊರಗಿನವರೊಬ್ಬರು ನೋಡುವ ಏರ್ಪಾಡು ಆ ವಿಚಾರಣೆಗೂ ಮೊದಲೇ ಇರಬೇಕು.

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಅದುವರೆಗೆ ಊರಾಚೆಗೆ ಒಂದು ರಿಜಿಸ್ಟರ್ಡ್ ಕಾಗದಕ್ಕೆ ತೆರಿಗೆ ಬಿಟ್ಟು 22 ರೂಪಾಯಿ ಸಾಕಿತ್ತು. ಅಕ್ಟೋಬರ್ 1ರಿಂದ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟಿಗೆ 47 ರೂಪಾಯಿ, ಪಡೆಯಬೇಕಾದವರ ಕೈಗೇ ಮುಟ್ಟಿಸುವ ನೋಂದಣಿಗೆ ಇನ್ನೈದು, ಒಟ್ಟು 52. ಅದೇ ಊರೊಳಗಾದರೆ 24. ಬೇಗ ತಲುಪುತ್ತದೆ, ಮೊಬೈಲಿನಲ್ಲಿ ಜಾಡು ಕಾಣುತ್ತದೆ ಎಂಬುದು ಇಲಾಖೆಯ ಸಮಾಧಾನ. ಲಾಯರ್ ನೋಟಿಸು, ಜಮೀನಿನ ತಕರಾರು, ಆರ್‌ಟಿಐ ಅರ್ಜಿ ಕಳಿಸುವ ಹಳ್ಳಿಯವರಿಗೆ ಬೇಕಾಗಿದ್ದು ವೇಗವಲ್ಲ, ಮುಟ್ಟಿತು ಎಂಬ ಪುರಾವೆ. ಊರಾಚೆಗಾದರೆ ಅದರ ಬೆಲೆ ದುಪ್ಪಟ್ಟಿಗೂ ಮೇಲಾಯಿತು. ಅದನ್ನು ಏರಿಸಬೇಕೋ ಬೇಡವೋ ಎಂದು ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರೂ ಕೈ ಎತ್ತುವ ಸಂದರ್ಭ ಬರಲಿಲ್ಲ.